ಮಿಣುಕುವ ಉಂಗುರ

ಮೊದಲು ಆ ಯಂತ್ರದ ವಿಷಯ ಹೇಳಿಬಿಡುತ್ತೇನೆ. ಯಂತ್ರ ಅಂದರೆ ಭಾರೀ ಏನಲ್ಲ. ಒಂದು ಪರದೆ, ಅದರ ಮುಂದೆ ಗದ್ದ ಊರಿಕೊಳ್ಳಲು ಒಂದು ಸ್ಟ್ಯಾಂಡು, ಕಣ್ಣಿನ ಅಲುಗಾಟ ಹಿಡಿಯುವ ಸಣ್ಣ ಕ್ಯಾಮೆರಾ, ಕೈಗೆ ಒಂದು ಗುಂಡಿ. ಪರದೆಯ ನಟ್ಟನಡುವೆ ಒಂದು ಕರಿ ಚುಕ್ಕಿ ಇರುತ್ತದೆ, ಅದರ ಸುತ್ತ ದೂರದಲ್ಲಿ ಮಸುಕು ಬೂದುಬಣ್ಣದ ಒಂದು ಉಂಗುರ. ಚುಕ್ಕಿಯನ್ನೇ ನೋಡುತ್ತಾ ಅಲುಗದೆ ಕುಳಿತರೆ ಸ್ವಲ್ಪ ಹೊತ್ತಿಗೆ ಉಂಗುರ ಅಳಿಸಿಹೋಗುತ್ತದೆ. ಪರದೆಯ ಮೇಲಿಂದಲ್ಲ, ನೋಡುವವರ ಕಣ್ಣಿನಿಂದ. ಹೋದಾಗ ಗುಂಡಿ ಒತ್ತಿ ಹಿಡಿಯಬೇಕು, ಮತ್ತೆ ಕಂಡಾಗ ಬಿಡಬೇಕು.

ನಮ್ಮ ಕಣ್ಣು ಒಂದು ಕ್ಷಣವೂ ಸುಮ್ಮನಿರುವುದಿಲ್ಲವಂತೆ. ನಮಗೇ ಗೊತ್ತಾಗದಷ್ಟು ಸಣ್ಣಗೆ ಅದುರುತ್ತಲೇ ಇರುತ್ತದೆ. ಆ ಅದುರು ಕಡಿಮೆಯಾದರೆ, ಓರೆಯಲ್ಲಿ ಬದಲಾಗದೆ ನಿಂತಿರುವ ವಸ್ತುವನ್ನು ಕಣ್ಣು ಮಿದುಳಿಗೆ ಹೇಳುವುದನ್ನೇ ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟ ಜಾಗ ಕಪ್ಪಗೂ ಕಾಣುವುದಿಲ್ಲ, ತೂತಾಗಿಯೂ ಕಾಣುವುದಿಲ್ಲ. ಸುತ್ತಲಿನ ಬಣ್ಣವನ್ನೇ ಮಿದುಳು ಅಲ್ಲಿಗೆ ಬಳಿದು ಮುಚ್ಚುತ್ತದೆ. ಇಲ್ಲದ್ದು ಇಲ್ಲ ಅಂತ ಗೊತ್ತಾಗುವುದೇ ಇಲ್ಲ. ಈ ಮಾತನ್ನು ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ವಿವರಿಸಿದ್ದೇನೋ, ಬಾಯಿಪಾಠ ಆಗಿಹೋಗಿದೆ.

ನಾನು ವಿಜ್ಞಾನಿಯಲ್ಲ. ಚಿತ್ರದುರ್ಗದ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮಸೂರ, ಪಟ್ಟಕ ಒರೆಸಿಡುತ್ತಾ, ಹುಡುಗರಿಗೆ ಬೈಯುತ್ತಾ ಸರ್ವೀಸು ಮುಗಿಸಿದವನು. ನಿವೃತ್ತಿಯಾದ ಮರುವರ್ಷವೇ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೆ ನನಗೆ ದುಃಖವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕುಳಿತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲು ಚಿವುಟಿದ ಹಾಗೆ, ಹಾಗಿದ್ದೆ. ತಿಥಿಗೆ ಬಂದವರು ಗಟ್ಟಿ ಮನುಷ್ಯ ಅಂದು ಹೋದರು. ಅವರಿಗೆ ಉಪ್ಪಿಟ್ಟು ಬಡಿಸಿ ಕಳಿಸಿದೆ.

ಆಗ ಅಕ್ಕ ಬಂದಳು. ನನಗಿಂತ ದೊಡ್ಡವಳು. ಭಾವ ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದರು, ಅವರು ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಮೈದುನರ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಒಂದು ಕೈಚೀಲ ಹಿಡಿದು ಬಸ್ಸಿಳಿದು ಬಂದು, "ನಿಂಗೆ ಅನ್ನ ಬೇಯ್ಸಿ ಹಾಕೋರು ಯಾರಪ್ಪ?" ಅಂದಳು. ನಾನು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವಳು ಸೀದಾ ಅಡುಗೆಮನೆಗೆ ಹೋದಳು.

ಅವತ್ತಿನಿಂದ ಮನೆಯಲ್ಲಿ ಒಂದೇ ಕ್ರಮ. ಬೆಳಿಗ್ಗೆ ಅಕ್ಕ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ನಡುಮನೆಯಲ್ಲಿ ಮಣೆ ಹಾಕಿ ಕೂರುವಳು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಳ್ಳುವಳು. ಎದುರಿಗೆ ದೀಪ. ನುಣುಪಾದ ಕರಿ ಲಿಂಗದ ಮೇಲೆ ಆ ದೀಪದ್ದೊಂದು ಬೆಳಕಿನ ಚುಕ್ಕಿ ಬೀಳುತ್ತದೆ. ಅದನ್ನೇ ನೋಡುತ್ತಾ ಕೂರುವುದು. ನಾನು ಅವಳ ಎಡಗಡೆ ಗೋಡೆಗೆ ಒರಗಿದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂರುವವನು. ಅವಳ ಪೂಜೆ ಮುಗಿಯುವವರೆಗೂ ಮನೆಯಲ್ಲಿ ತಿಂಡಿಯಿಲ್ಲ. ನಾನೂ ಹುಟ್ಟಿದ್ದು ಅದೇ ಹೊಟ್ಟೆಯಲ್ಲಿ, ನನ್ನ ಲಿಂಗ ಬೀರುವಿನಲ್ಲಿದೆ.

ಪೂಜೆಗೆ ಕೂತರೆ ಅವಳಿಗೆ ಲೋಕ ಬೇಡ. ಅವಳ ಅತ್ತೆ ಹೇಳಿಕೊಟ್ಟಿದ್ದಂತೆ: ದೃಷ್ಟಿ ನಿಂತರೆ ಸುತ್ತಲಿನದು ತಾನಾಗೇ ಕಳಚಿಕೊಳ್ಳುತ್ತದೆ, ಅದು ಎಲ್ಲರಿಗೂ ಸಿಗುವ ಭಾಗ್ಯವಲ್ಲ ಅಂತ. ಪಕ್ಕದ ಮನೆಯಾಕೆಗೆ ಅಕ್ಕ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. "ಮದ್ಲು ಗೋಡೆ ಹೋತು ಕಣ್ರಿ. ಆಮೇಲೆ ಕಿಟಕಿ ಹೋತು. ಈಗಂತೂ ಲಿಂಗ ಕೈಯಾಗೆ ಇಟ್ಕಂಡ್ರೆ ಸಾಕು, ಮನೇನೇ ಇರಲ್ಲ." ಹೇಳುವಾಗ ಅವಳ ಮುಖ ಮದುವೆ ಮನೆಯಲ್ಲಿದ್ದ ಹಾಗಿತ್ತು. ಆ ಹೆಂಗಸು ಕೈ ಮುಗಿದಳು.

ಒಬ್ಬರು ಮೇಡಂ ಬಂದಿದ್ದು ಆ ಕಾಲಕ್ಕೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು, ಸಣ್ಣ ವಯಸ್ಸು, ಮೈಸೂರು ಕಡೆಯ ಮಾತು. ದಿನವೂ ದೃಷ್ಟಿ ಇಟ್ಟು ಲಿಂಗಪೂಜೆ ಮಾಡುವವರಿಗೆ ಆ ಉಂಗುರ ಬೇರೆಯವರಿಗಿಂತ ಬೇಗ ಮಾಯವಾಗುತ್ತದೆಯೇ, ಹೆಚ್ಚು ಹೊತ್ತು ಮಾಯವಾಗಿರುತ್ತದೆಯೇ, ಮನುಷ್ಯನ ಕಣ್ಣು ಎಷ್ಟರ ಮಟ್ಟಿಗೆ ನಿಲ್ಲಬಲ್ಲದು ಅನ್ನುವುದು ಅವರ ಪ್ರಶ್ನೆ. ಊರೂರು ಗೊತ್ತಿರುವ, ಯಂತ್ರ ಬೀಳಿಸದ ಒಬ್ಬ ಆಳು ಬೇಕಿತ್ತು. ಕಾಲೇಜಿನವರು ನನ್ನನ್ನು ತೋರಿಸಿದರು. ಮನೆಯಿಂದ ಹೊರಗಿರಬಹುದಲ್ಲ ಅಂತ ಒಪ್ಪಿಕೊಂಡೆ.

ಹೋಲಿಸಿ ನೋಡಲು ಪೂಜೆ ಮಾಡದವರೂ ಬೇಕಲ್ಲ. ಹಿರೇಗುಂಟನೂರಿನಲ್ಲಿ ಕುರಿ ಕಾಯುವವರನ್ನು ಕೂರಿಸಿದೆವು. ಒಬ್ಬನಿಗಂತೂ ಉಂಗುರ ಹೋಗಲೇ ಇಲ್ಲ. ಕ್ಯಾಮೆರಾದಲ್ಲಿ ನೋಡಿದರೆ ಅವನ ಕಣ್ಣು ಪರದೆಯ ನಾಲ್ಕೂ ಮೂಲೆ ಸುತ್ತಿ ಬರುತ್ತಿತ್ತು. ಚುಕ್ಕಿಯನ್ನೇ ನೋಡಪ್ಪ ಅಂದರೆ ರೇಗಿದ. "ಒಂದೇ ಕಡೆ ನೋಡ್ಕಂಡು ಕುಂತ್ರೆ ಕುರಿ ಯಾರು ಕಾಯ್ತಾರ್ರಿ? ನಿಮ್ ಮೇಡಮ್ಮಾರು ಬಂದು ಕಾಯ್ತಾರಾ?" ಮೇಡಂ ನಕ್ಕು ಅವನ ಹೆಸರಿನ ಮುಂದೆ ಅಡ್ಡಗೆರೆ ಎಳೆದರು.

ತೊಂದರೆ ಬಂದಿದ್ದು ಪೂಜೆಯವರ ಕಡೆಯಿಂದಲೇ. ಹೊಳಲ್ಕೆರೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಒತ್ತಿದ ಗುಂಡಿಯನ್ನು ಬಿಡಲೇ ಇಲ್ಲ. ಅವರ ಕಣ್ಣು ಹಲವು ಸಲ ಅಲುಗಿದ್ದು ಕ್ಯಾಮೆರಾದಲ್ಲಿ ಕಂಡಿತ್ತು, ಉಂಗುರ ವಾಪಸ್ಸು ಬಂದಿರಲೇಬೇಕು. ಕೇಳಿದ್ದಕ್ಕೆ ತಲೆ ತಗ್ಗಿಸಿದರು. "ಬಂತು ಕಣ್ರಿ. ಅದು ನನ್ನ ಮನಸ್ಸು ಕದಲಿದ್ದಕ್ಕೆ ಬಂತು. ನನ್ ತಪ್ಪಿಗೆ ನೀವ್ಯಾಕೆ ಲೆಕ್ಕ ಇಡ್ತೀರಿ, ಬಿಡ್ರಿ." ಹಿರಿಯೂರಿನಲ್ಲಿ, ಶ್ರೀರಾಂಪುರದಲ್ಲಿ, ಎಲ್ಲ ಕಡೆ ಇದೇ ಕಥೆ. ಉಂಗುರ ಮತ್ತೆ ಕಂಡಿತು ಅನ್ನುವುದು ಅವರಿಗೆ ಪೂಜೆ ಕೆಟ್ಟ ಹಾಗೆ. ಗುಂಡಿ ಬಿಟ್ಟರೆ ಎಲ್ಲರೆದುರು ಒಪ್ಪಿಕೊಂಡ ಹಾಗೆ. ಹೀಗಾಗಿ ಬಿಗಿಹಿಡಿದು ಕೂರುತ್ತಿದ್ದರು, ಕೆಲವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮೇಡಂ ಒಂದು ಉಪಾಯ ಮಾಡಿದರು. ಒಬ್ಬೊಬ್ಬರನ್ನೂ ಎರಡು ದಿನ ಕೂರಿಸುವುದು, ಎರಡನೆಯ ದಿನದ ಪರೀಕ್ಷೆಯಲ್ಲಿ ನಡುನಡುವೆ ಉಂಗುರವನ್ನು ಮಿಣುಕಿಸುವುದು. ಹಾಗೆ ಮಿಣುಕುವ ವಸ್ತು ಸುಲಭಕ್ಕೆ ಯಾರ ಕಣ್ಣಿಗೂ ಮಾಯವಾಗುವುದಿಲ್ಲ, ಎಂಥ ಶಿವಯೋಗಿಯಾದರೂ ಗುಂಡಿ ಬಿಡಲೇಬೇಕು. ಬಿಡದಿದ್ದರೆ ಮರ್ಯಾದೆಗೆ ಒತ್ತಿಕೊಂಡಿದ್ದಾರೆ ಅಂತ ಅರ್ಥ, ಅವರ ಲೆಕ್ಕ ತೆಗೆದುಬಿಡುವುದು. ನಾವಿಬ್ಬರೂ ಅದನ್ನು ಮರ್ಯಾದೆ ಪರೀಕ್ಷೆ ಅನ್ನುತ್ತಿದ್ದೆವು.

ಅಕ್ಕನನ್ನು ಕರೆದುಕೊಂಡು ಬನ್ನಿ ಅಂತ ಮೇಡಂ ಬಹಳ ದಿನದಿಂದ ಹೇಳುತ್ತಿದ್ದರು. ನಾನು ಹೇಳಿದಾಗ ಅಕ್ಕ ಇಳಕಲ್ ಸೀರೆ ಉಟ್ಟು ರೆಡಿಯಾದಳು. ಆಟೋ ಇಳಿದು ಕಾಲೇಜಿನ ಮೆಟ್ಟಿಲು ಎಡವಿದಳು, ನಾನು ತೋಳು ಹಿಡಿದೆ. ಎಡವುವುದು ಅವಳಿಗೆ ಮಾಮೂಲಾಗಿತ್ತು. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುವುದು, ಪಕ್ಕದಲ್ಲಿಟ್ಟ ಚೊಂಬು ಉರುಳಿಸುವುದು, ರಸ್ತೆಯಲ್ಲಿ ಬೈಕುಗಳು ಆಕಾಶದಿಂದ ಉದುರಿದ ಹಾಗೆ ಬರುತ್ತವೆ ಅಂತ ಬೈಯುವುದು, ಎಲ್ಲಾ ಮಾಮೂಲು. ವಯಸ್ಸು ಅಂದುಕೊಂಡಿದ್ದೆ. ನನ್ನನ್ನು ನಾನೇ ಹಳಿದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆಗ ಯಾವುದೂ ನನ್ನೊಳಗೆ ಇಳಿಯುತ್ತಿರಲಿಲ್ಲ, ಅಷ್ಟೇ.

ಕಾಲೇಜಿನ ಖಾಲಿ ಕೋಣೆಯಲ್ಲಿ ಯಂತ್ರ ಇಟ್ಟಿದ್ದೆವು. ಒಂದು ಕಣ್ಣಿಗೆ ಬಟ್ಟೆ ಮುಚ್ಚಿ, ಗದ್ದ ಊರಿಸಿ, ಉಂಗುರ ಹೋದಾಗ ಒತ್ತು ಅಂತ ಹೇಳಿದೆ. ಪರದೆ ಹೊತ್ತಿಕೊಂಡ ಕೂಡಲೇ ಅಕ್ಕ ಒತ್ತಿದಳು. ಬಿಡಲಿಲ್ಲ. ಇನ್ನೊಂದು ಕಣ್ಣಿಗೂ ಹಾಗೇ. ಕ್ಯಾಮೆರಾದಲ್ಲಿ ಅವಳ ಕಣ್ಣು ನೋಡಿ ಮೇಡಂ ನನ್ನ ಕಡೆ ಬಗ್ಗಿದರು.

"ಸರ್, ಎಷ್ಟು ಸ್ಥಿರ ಇದೆ ನೋಡಿ. ಇಷ್ಟು ದಿನದಲ್ಲಿ ಇಂಥವರು ಒಬ್ಬರೂ ಸಿಕ್ಕಿರಲಿಲ್ಲ. ನಾಳೆ ಮಿಣುಕಿಸಿ ನೋಡೋಣ. ಗಟ್ಟಿಯಾದರೆ ಅಕ್ಕೋರ ಮೇಲೇ ಬೇರೆ ಒಂದು ಅಧ್ಯಯನ ಮಾಡಬಹುದು."

ಮೇಡಂ ಮೆಚ್ಚಿದ್ದನ್ನು ಆಟೋದಲ್ಲಿ ಅಕ್ಕನಿಗೆ ಹೇಳಿದೆ. ಅವಳು ಕರಡಿಗೆಯನ್ನು ಸೆರಗಿನ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡಳು. ಮನೆಗೆ ಬಂದು ಶಾವಿಗೆ ಪಾಯಸ ಮಾಡಿದಳು.

ಮಾರನೆಯ ದಿನ ಉಂಗುರ ಮಿಣುಕಿತು. ಅಕ್ಕನ ಬೆರಳು ಗುಂಡಿಯ ಮೇಲೇ ಇತ್ತು. ಮತ್ತೆ ಮಿಣುಕಿಸಿದರು, ಬೆರಳು ಏಳಲಿಲ್ಲ. ಮೇಡಂ ನನ್ನ ಮುಖ ನೋಡಿದರು. ಅವರಿಗೂ ಮರ್ಯಾದೆ ಅಂತಲೇ ಅನ್ನಿಸಿರಬೇಕು, ಆದರೆ ನನ್ನ ಅಕ್ಕ ಅಂತ ಸುಮ್ಮನಿದ್ದರು. ನನಗೆ ನಾಚಿಕೆಯಾಯಿತು. ಹತ್ತಿರ ಹೋಗಿ ಸ್ವಲ್ಪ ಗಡುಸಾಗಿಯೇ ಹೇಳಿದೆ.

"ಅಕ್ಕ, ಉಂಗುರ ಮಿಣುಕ್ತಾ ಐತೆ. ಕಂಡ್ರೆ ಗುಂಡಿ ಬಿಡು. ಇಲ್ಲಿ ಯಾರೂ ಏನೂ ಅಂದ್ಕಳಲ್ಲ."

"ಯಾವ ಉಂಗುರಪ್ಪ?" ಅಂದಳು.

"ಚುಕ್ಕಿ ಸುತ್ತ ಐತಲ್ಲ, ಅದು."

"ಚುಕ್ಕಿ ಸುತ್ತ ಏನೈತೆ? ನಿನ್ನೇನೂ ಇರ್ಲಿಲ್ಲ. ಉಂಗುರ ಇಲ್ದಂಗೆ ಆದಾಗ ಒತ್ತು ಅಂದ್ರಿ. ಇರ್ಲಿಲ್ಲ, ಒತ್ತಿದೆ."

ಮೇಡಂ ಉಂಗುರವನ್ನು ಕಪ್ಪು ಮಾಡಿದರು, ದಪ್ಪ ಮಾಡಿದರು, ಆಮೇಲೆ ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡುತ್ತಾ ಚುಕ್ಕಿಯ ಹತ್ತಿರಕ್ಕೆ ತಂದರು. ತೀರಾ ಹತ್ತಿರ ಬಂದಾಗ ಅಕ್ಕ ಬೆರಳೆತ್ತಿ, "ಹಾ, ಈಗ ಬಂತು ನೋಡ್ರಿ," ಅಂದಳು. ಪರದೆಯ ಮೇಲೆ ಆ ಉಂಗುರ ಕೋಡುಬಳೆಯಷ್ಟಿತ್ತು. ಅಕ್ಕ ಗದ್ದ ಎತ್ತಿ ನನ್ನನ್ನು ಹುಡುಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

"ಸರ್, ಅಕ್ಕೋರನ್ನ ಇವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ," ಅಂತ ಮೇಡಂ ಕಾರಿಡಾರಿನಲ್ಲಿ ಹೇಳಿದರು. ಅವರ ಕಣ್ಣು ತುಂಬಿತ್ತು. ನನ್ನದು ತುಂಬಿರಲಿಲ್ಲ. ಪರದೆಯ ವೈರು ಸುತ್ತಿ ಪೆಟ್ಟಿಗೆಗೆ ಹಾಕಿ, ಕೋಣೆಗೆ ಬೀಗ ಹಾಕಿ ಹೊರಟೆ.

ಡಾಕ್ಟರು ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಬರುವುದು. ನೋವಿರುವುದಿಲ್ಲ. ಅಂಚಿನಿಂದ ಹೋಗುತ್ತಾ ಹೋಗುತ್ತಾ ಕಡೆಗೆ ನಡುವಿನದ್ದೊಂದು ಉಳಿಯುತ್ತದೆ, ಬಿಟ್ಟರೆ ಅದೂ ಹೋಗುತ್ತದೆ. ಹೋದದ್ದು ವಾಪಸ್ಸು ಬರುವುದಿಲ್ಲ. ದಿನಾ ತಪ್ಪದೆ ಹನಿ ಹಾಕಿದರೆ ಉಳಿದಿರುವುದನ್ನು ಉಳಿಸಿಕೊಳ್ಳಬಹುದು. ಇಷ್ಟು ದಿನ ಗೊತ್ತೇ ಆಗಲಿಲ್ಲವಾ ಅಂತ ಕೇಳಿದರು. ಇಲ್ಲದ ಜಾಗ ಕಪ್ಪಗೆ ಕಾಣುವುದಿಲ್ಲ ಸರ್, ಮಿದುಳು ಬಳಿದು ಮುಚ್ಚಿಬಿಡುತ್ತದೆ ಅಂತ ಬಾಯಿಪಾಠ ಒಪ್ಪಿಸಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಒಡಹುಟ್ಟಿದವರೂ ತೋರಿಸಿಕೊಳ್ಳಬೇಕು ಅಂದದ್ದಕ್ಕೆ ನಾನೂ ತೋರಿಸಿಕೊಂಡೆ. ನನಗೆ ಏನೂ ಇರಲಿಲ್ಲ. ಸುತ್ತಲಿನದೆಲ್ಲ ಚೆನ್ನಾಗಿ ಕಾಣುತ್ತದೆ ಅಂತ ಬರೆದುಕೊಟ್ಟರು.

ಮನೆಗೆ ಬಂದು ಅಕ್ಕ ಕೈಕಾಲು ತೊಳೆದು ಕುಳಿತಳು. ಡಾಕ್ಟರ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು. ಆದರೆ ಅವಳಿಗೆ ಕೇಳಬೇಕಾಗಿದ್ದು ಒಂದೇ.

"ಹಂಗಾರೆ ಗೋಡೆ ಹೋಗಿದ್ದು, ಕಿಟಕಿ ಹೋಗಿದ್ದು, ಅದು ಲಿಂಗದಿಂದ ಆಗಿದ್ದಲ್ಲ?"

ಬೇರೆ ಏನಾದರೂ ಹೇಳಬಹುದಿತ್ತು. ಎರಡೂ ಇರಬಹುದು ಅನ್ನಬಹುದಿತ್ತು. ಲ್ಯಾಬಿನಲ್ಲಿ ತಪ್ಪು ರೀಡಿಂಗ್ ತಂದ ಹುಡುಗರಿಗೆ ಹೇಳುತ್ತಿದ್ದ ಹಾಗೆ, "ಅಲ್ಲ," ಅಂದೆ.

ಅಕ್ಕ ತಲೆಯಾಡಿಸಿದಳು. ಅನ್ನಕ್ಕಿಡಲು ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಮಣೆ ಹಾಕಲಿಲ್ಲ. ಸ್ನಾನ ಮಾಡಿದವಳೇ ರೊಟ್ಟಿ ತಟ್ಟಿ, ನನಗೂ ಹಾಕಿ ತಾನೂ ತಿಂದಳು. ಜ್ವರ ಬಂದು ಮಲಗಿದಾಗಲೂ ಲಿಂಗಕ್ಕೆ ತೋರಿಸದೆ ನೀರು ಕುಡಿಯದ ಹೆಂಗಸು. ನಾನು ಚಟ್ನಿ ಹಾಕಿಸಿಕೊಂಡೆ. ಅದರ ಮಾರನೆಯ ದಿನವೂ ಹಾಗೇ. ಹನಿಯ ಬಾಟಲಿ ಟಿವಿ ಮೇಲೆ ಪೊಟ್ಟಣ ಬಿಚ್ಚದೆ ಕುಳಿತಿತ್ತು. ಹಾಕಲು ಹೋದರೆ ಮುಖ ತಿರುಗಿಸುತ್ತಿದ್ದಳು. "ಹೋಗಿದ್ದು ಬರಲ್ಲ ಅಂದ್ಮೇಲೆ ಯಾಕಪ್ಪ? ಉಳಿದಿರೋದ್ರಾಗೆ ನೋಡೋಂಥದ್ದು ಏನೈತೆ?" ಮೇಡಂ ಫೋನ್ ಮಾಡಿ ಕೇಳುತ್ತಿದ್ದರು. ನಾಳೆಯಿಂದ ಹಾಕುತ್ತೇನೆ ಅನ್ನುತ್ತಿದ್ದೆ. ಒಂದೊಂದು ದಿನ ತಪ್ಪಿದಷ್ಟೂ ಆ ಉಂಗುರ ಇನ್ನಷ್ಟು ಒಳಕ್ಕೆ ಬರುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಾಯ ಮಾಡುವ ಶಕ್ತಿ ಇರಲಿಲ್ಲ. ಇಬ್ಬರೂ ಉಣ್ಣುತ್ತಿದ್ದೆವು, ಟಿವಿ ನೋಡುತ್ತಿದ್ದೆವು, ಮಲಗುತ್ತಿದ್ದೆವು.

ಒಂದು ಬೆಳಿಗ್ಗೆ ಅವಳು ಹುರುಳಿ ಹಸನು ಮಾಡುತ್ತಾ ನಡುಮನೆಯಲ್ಲಿ ಕುಳಿತಿದ್ದಳು. ನಾನು ನನ್ನ ಕುರ್ಚಿಯಲ್ಲಿ ಪೇಪರ್ ಹಿಡಿದಿದ್ದೆ. ಏನಾದರೂ ಮಾತಾಡಬೇಕಲ್ಲ ಅಂತ, ಯಾವ ಉದ್ದೇಶವೂ ಇಲ್ಲದೆ ಕೇಳಿದೆ.

"ಅಕ್ಕ, ಗೋಡೆ, ಕಿಟಕಿ ಹೋದ್ವು ಅಂದಿಯಲ್ಲ. ಆಮೇಲೆ ಏನೇನು ಹೋತು?"

ಅವಳು ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ. "ಆಮೇಲೆ ಟಿವಿ ಹೋತು. ದೇವ್ರ ಗೂಡು ಹೋತು. ಬಾಗ್ಲು ಹೋತು, ಯಾರು ಬಂದ್ರು ಯಾರು ಹೋದ್ರು ಗೊತ್ತಾಗ್ತಿರ್ಲಿಲ್ಲ. ಆಮೇಲೆ ನೀನು ಹೋದೆ."

"ನಾನಾ?"

"ನೀನು ದಿನಾ ಎಡಗಡೆ ಕುರ್ಚಿಯಾಗೆ ಕುಂತ್ಕಳ್ತಿದ್ದಲ್ಲ. ಪೂಜೆ ಮಾಡೋವಾಗ ಓರೆಗಣ್ಣಾಗೆ ಕಾಣ್ತಿದ್ದೆ. ನಿನ್ನ ನೋಡಿದ್ರೆ ಮನ್ಸು ಕದಲ್ತಿತ್ತು, ಹೆಂಡ್ತಿ ಹೋದ್ಮೇಲೆ ಹೆಂಗಾಗಿಬಿಟ್ಟ ಇವ್ನು ಅಂತ. ಒಂದಿನ ನೋಡಿದ್ರೆ ನೀನೂ ಇಲ್ಲ. ತಮ್ಮನ ಮೋಹ ಒಂದು ಉಳಿದಿತ್ತು, ಅದೂ ಕಳಚ್ತು, ಇನ್ನು ನಾನು ಗೆದ್ದೆ ಅಂತ ಲಿಂಗಕ್ಕೆ ಕೈ ಮುಗಿದೆ ಕಣಪ್ಪ. ಅವತ್ತಿನಿಂದ ನಿನ್ನ ಕಡೆ ತಿರುಗಿ ನೋಡೋದೂ ಬಿಟ್ಟೆ. ನೋಡಿದ್ರೆ ಎಲ್ಲಿ ವಾಪಸ್ ಬಂದುಬಿಡ್ತೀಯೋ ಅಂತ."

ಪೇಪರಿನ ಸಾಲುಗಳು ಕಣ್ಣ ಮುಂದೆ ಹಾಗೇ ಇದ್ದವು. ಇಷ್ಟು ದಿನ ನನ್ನನ್ನು ಯಾರೂ ನೋಡುತ್ತಿಲ್ಲ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಆಗ ಅನ್ನಿಸಿತು. ಎಲ್ಲೋ ಎದೆಯ ಹತ್ತಿರ ಚುಚ್ಚಿದ ಹಾಗಾಯಿತು, ನೋವು ಅಂತ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಅಲ್ಲೇ ಇದ್ದೆ ಅಕ್ಕ," ಅಂದೆ. "ದಿನಾ ಇಲ್ಲೇ ಕುಂತಿರ್ತಿದ್ದೆ."

ಮೊರ ನಿಂತಿತು. ಅವಳು ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಅವಳ ಕಣ್ಣಿಗೆ ಮೊದಲು ಕುರ್ಚಿಯ ಕೈ ಸಿಕ್ಕಿತು, ಆಮೇಲೆ ನನ್ನ ಮೊಣಕೈ ಸಿಕ್ಕಿರಬೇಕು.

"ಎದ್ರಿಗೆ ಬಾ," ಅಂದಳು.

ಮಣೆ ಎಳೆದುಕೊಂಡು ಅವಳ ಎದುರಿಗೆ ಕುಳಿತೆ. ಅವಳು ಲಿಂಗ ಹಿಡಿಯುತ್ತಿದ್ದ ದೂರದಿಂದ ಸ್ವಲ್ಪ ಆಚೆಗೆ ನನ್ನ ಮುಖ. ಅಷ್ಟು ಮುಖವೂ ಒಮ್ಮೆಗೇ ಹಿಡಿಸಲಿಲ್ಲವೋ ಏನೋ, ಅವಳ ಕಣ್ಣು ನನ್ನ ಗದ್ದ ನೋಡಿತು, ಕೆನ್ನೆ ನೋಡಿತು, ಹಣೆ ನೋಡಿತು, ಮತ್ತೆ ಕಣ್ಣಿಗೆ ಬಂತು. ಹೆಂಡತಿ ಹೋದ ಮೇಲೆ ನನ್ನನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ತಲೆ ತಗ್ಗಿಸೋಣ ಅನ್ನಿಸಿತು, ತಗ್ಗಿಸಲಿಲ್ಲ.

"ಹುಬ್ಬೆಲ್ಲ ಬೆಳ್ಳಗಾಗಿ ಹೋಗ್ಯಾವಲ್ಲೋ," ಅಂದಳು. "ಯಾವಾಗಾತಪ್ಪ ಇದು? ಸರ್ಯಾಗಿ ಉಣ್ತೀಯೋ ಇಲ್ವೋ?"

"ನೀನೇ ಹಾಕ್ತೀಯಲ್ಲ ಅಕ್ಕ, ದಿನಾ."

"ಹಾಕ್ತೀನಿ. ತಟ್ಟೆ ಕಾಣ್ತೈತೆ, ಹಾಕ್ತೀನಿ." ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅದೆಲ್ಲಿ ಇಟ್ಟಿದೀಯೋ ತಗಂಬಾ," ಅಂದಳು.

ಟಿವಿ ಮೇಲಿನ ಬಾಟಲಿ ತಂದು ಪೊಟ್ಟಣ ಬಿಚ್ಚಿದೆ. ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಅಗಲ ಬಿಟ್ಟಳು. ಕೆಳಗಿನ ರೆಪ್ಪೆ ಎಳೆದು ಹಿಡಿದೆ. ಜೀವಮಾನವೆಲ್ಲ ಮಸೂರ ಹಿಡಿದ ಕೈ, ಆದರೂ ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು.

"ಕಣ್ಣಿಗೆ ಹಾಕೋ," ಅಂದಳು ಅಕ್ಕ, ನನ್ನನ್ನೇ ನೋಡುತ್ತಾ.